ಹತ್ತಿಯೋ, ಬೆರಕೆಯೋ?

ಕಳೆದ ಶ್ರಾವಣದಲ್ಲಿ ಪುರಾಣ ಪ್ರವಚನಕ್ಕೆಂದು ನಾವು ನಿಡೋಣಿಗೆ ಹೋದಾಗ ಭಕ್ತರೊಬ್ಬರ ಮನೆಯಲ್ಲಿ ಪ್ರಸಾದಕ್ಕೆ ಕರೆದಿದ್ದರು. ಆ ಮನೆಯ ಮಗಳಿಗೆ ಏಳನೆಯ ತಿಂಗಳು. ಕುಬಸಕ್ಕೆಂದು ಪೇಟೆಯಿಂದ ತಂದ ಸೀರೆಯನ್ನು ತಾಯಿಯವರು ನಮ್ಮ ಮುಂದಿರಿಸಿದರು. ಅಪ್ಪಟ ಹತ್ತಿಯೆಂದು ಹೇಳಿ ಅಂಗಡಿಯವನು ಕೊಟ್ಟಿದ್ದನಂತೆ. ಮಗಳೋ ದಿನವೂ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವವಳು. ಹತ್ತಿಗೂ ಬೆಂಕಿ ಹತ್ತುತ್ತದೆ, ನಿಜ. ಆದರೆ ಪಾಲಿಯೆಸ್ಟರ್ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ತಾಯಿಯ ಆತಂಕ ಅದೇ ಆಗಿತ್ತು.

ಬಾಲ್ಯದಲ್ಲಿ ಮಠದಲ್ಲಿದ್ದಾಗ ತಕಲಿಯಿಂದ ನೂಲು ತೆಗೆದವರು ನಾವು. ಆ ಹೆಮ್ಮೆ ಇನ್ನೂ ಪೂರ್ತಿ ಹೋಗಿಲ್ಲ. ಸೆರಗಿನ ತುದಿಯಿಂದ ಒಂದೆಳೆ ಹಿರಿದು, ಚಿಮಟದಲ್ಲಿ ಹಿಡಿದು, ನೀರು ಹಾಕಿದ ತಟ್ಟೆಯ ಮೇಲೆ ದೀಪಕ್ಕೆ ಒಡ್ಡಿದೆವು. ಕಾಗದ ಸುಟ್ಟ ವಾಸನೆ ಬಂದಿತು. ಮುಟ್ಟಿದರೆ ಪುಡಿಯಾಗುವ ಬೂದು ಬಣ್ಣದ ಬೂದಿ ಉಳಿಯಿತು. "ಇದು ಹತ್ತಿಯೇ ತಾಯಿ" ಎಂದು ಹೇಳಿಬಿಟ್ಟೆವು.

ಮೂಲೆಯಲ್ಲಿ ಕುಳಿತಿದ್ದ ಅಜ್ಜಿಯವರು ಮೆಲ್ಲಗೆ ನಕ್ಕರು. ಅವರ ತವರು ಇಳಕಲ್ಲು. 1997ಕ್ಕಿಂತ ಮೊದಲು ಅದೂ ನಮ್ಮ ಜಿಲ್ಲೆಯೇ. "ಶಾಸ್ತ್ರಿಗಳ, ನೀವು ಹಾಸಷ್ಟ ಸುಟ್ರಿ. ಹೊಕ್ಕು ಯಾರು ನೋಡಬೇಕ್ರಿ?"

ಸೆರಗಿನ ತುದಿಯಲ್ಲಿ ಜೋತಾಡುವ ಎಳೆಗಳೆಲ್ಲ ಹಾಸಿನವು ಎಂಬುದು ನಮಗೆ ಹೊಳೆದಿರಲಿಲ್ಲ. ಇಳಕಲ್ಲ ಸೀರೆಯಲ್ಲಂತೂ ಸೆರಗಿನ ಹಾಸೇ ಬೇರೆ. ಅದನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಸೆರಗು ರೇಷ್ಮೆ, ಒಡಲು ಹತ್ತಿ ಆಗಿರಬಹುದು. ಸೆರಗನ್ನು ಸುಟ್ಟು ಒಡಲಿನ ಜಾತಿ ಹೇಳಲಾಗದು. (ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ.) ಒಡಲಿನ ಅಡ್ಡ ಎಳೆಯೊಂದನ್ನು ತೆಗೆದು ಒಡ್ಡಿದಾಗ ಅದು ಉರಿಯಿಂದ ಹಿಂದಕ್ಕೆ ಮುದುಡಿತು, ಕರಿಹೊಗೆ ಬಿಟ್ಟಿತು, ತಣಿದ ಮೇಲೆ ಉಗುರಿಗೂ ಒಡೆಯದ ಕರಿಮಣಿಯಾಯಿತು. ಹಾಸು ಹತ್ತಿ, ಹೊಕ್ಕು ಪಾಲಿಯೆಸ್ಟರ್! ಟೆರಿಕಾಟಿನಲ್ಲಾದರೆ ಎರಡೂ ಒಂದೇ ಎಳೆಯಲ್ಲಿ ಕೂಡಿರುವುದರಿಂದ ಬೂದಿಯೊಳಗೇ ಗಟ್ಟಿ ಹರಳು ಕೈಗೆ ಸಿಗುತ್ತದೆ.

ನೀರಿನ ಹನಿ ಇಟ್ಟು ನೋಡುವ ರೂಢಿಯೂ ಉಂಟು. ಹತ್ತಿ ಹನಿಯನ್ನು ಬೇಗ ಹೀರುತ್ತದೆ. ಗಂಜಿ ಹಾಕಿದ ಹೊಸ ಬಟ್ಟೆ ಮಾತ್ರ ಮೋಸ ಮಾಡೀತು. ಒಮ್ಮೆ ಒಗೆದು ನೋಡಬೇಕು.

ಬೆಂಕಿಗೂ ಸಿಗದ ಕಳ್ಳನೊಬ್ಬನಿದ್ದಾನೆ. ಅದು ಇಳಕಲ್ಲಿನ ಕಡೆ ಚಮಕಾ ಎನ್ನುವ ರೇಯಾನ್. ಮರದ ತಿರುಳಿನಿಂದ ಆದುದರಿಂದ ಅದೂ ಹತ್ತಿಯಂತೆಯೇ ಉರಿದು ಬೂದಿಯಾಗುತ್ತದೆ. ಅಜ್ಜಿಯವರು ಅದಕ್ಕೊಂದು ಉಪಾಯ ತೋರಿಸಿದರು. ಎಳೆಯ ನಡುವೆ ನೀರು ಹಚ್ಚಿ ಜಗ್ಗಬೇಕು. ರೇಯಾನ್ ಹಸಿಯಾದಲ್ಲೇ ಹರಿಯುತ್ತದೆ. ಹತ್ತಿಯ ನೂಲು ಹಸಿಯಾದಷ್ಟೂ ಬಿಗಿ.

ಮರುದಿನ ಸೀರೆ ಪೇಟೆಗೆ ಮರಳಿತು. ಅಂಗಡಿಯವನು ತಕರಾರಿಲ್ಲದೆ ಬದಲಿಸಿ ಕೊಟ್ಟನಂತೆ. ಈ ಸಲ ಹೋದವರು ಅಜ್ಜಿ, ಸೆರಗಿನ ತುದಿಗೆ ಕಡ್ಡಿಪೆಟ್ಟಿಗೆ ಕಟ್ಟಿಕೊಂಡು.