ಕುಲೀನರ ಮನೆಯ ಬೆಪ್ಪ ಮತ್ತು ಅವನ ಸುತ್ತಲಿನವರು

ಹೆನ್ರಿ ಬ್ರೂಕ್‌ನ ‘ದಿ ಫೂಲ್ ಆಫ್ ಕ್ವಾಲಿಟಿ’ಯನ್ನು ನಾನು ಮೊದಲು ಓದಿದ್ದು ಪಿಎಚ್.ಡಿ. ಅಧ್ಯಯನದ ದಿನಗಳಲ್ಲಿ, ನೀತಿಬೋಧಕ ಕಥನವನ್ನು ಕುರಿತು ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾಗ. ಐರ್ಲೆಂಡಿನ ಈ ಲೇಖಕ 1765ರಿಂದ 1770ರವರೆಗೆ ಐದು ಸಂಪುಟಗಳಲ್ಲಿ ಅದನ್ನು ಪ್ರಕಟಿಸಿದನು. ಶೀರ್ಷಿಕೆಯ ‘ಕ್ವಾಲಿಟಿ’ ಎಂದರೆ ಗುಣಮಟ್ಟವಲ್ಲ. ಆ ಕಾಲದ ಇಂಗ್ಲಿಷಿನಲ್ಲಿ ಅದು ಮೇಲ್ಕುಲದವರಿಗೆ ಸಲ್ಲುತ್ತಿದ್ದ ಮಾತು. ‘ಕುಲೀನರ ಮನೆಯ ಬೆಪ್ಪ’ ಎಂದರೆ ವ್ಯಂಗ್ಯವೂ ಉಳಿದೀತು.

ಮೋರ್ಲೆಂಡಿನ ಅರ್ಲನ ಎರಡನೆಯ ಮಗ ಹ್ಯಾರಿ ಹಳ್ಳಿಯ ಸಾಕುತಾಯಿಯ ಮಡಿಲಲ್ಲಿ ಬೆಳೆದವನು. ಜರಿಯ ಉಡುಪಿಗೂ ದೊಡ್ಡವರ ಠೀವಿಗೂ ಬೆಲೆ ಕೊಡದ ಹುಡುಗ ಹೆತ್ತವರ ಕಣ್ಣಿಗೆ ದಡ್ಡನಾಗಿ ಕಾಣುತ್ತಾನೆ. ಅವನನ್ನು ಗುಟ್ಟಾಗಿ ಕರೆದೊಯ್ದು ಬೆಳೆಸುವ ಫೆಂಟನ್ ವಾಸ್ತವವಾಗಿ ಅರ್ಲನ ಸ್ವಂತ ತಮ್ಮ. ಕಿರಿಯ ಮಗನಾದ್ದರಿಂದ ವರ್ತಕನೊಬ್ಬನ ಬಳಿ ಕೆಲಸಕ್ಕೆ ಸೇರಿ, ವ್ಯಾಪಾರದಿಂದ ಸಿರಿವಂತನಾದವನು. ಹ್ಯಾರಿ ಬಟ್ಟೆಯಿಲ್ಲದ ಮಕ್ಕಳಿಗೆ ಬಟ್ಟೆ ಹಂಚುತ್ತಾನೆ, ನಿಜ. ಆದರೆ ಆ ಔದಾರ್ಯದ ಹಿಂದಿರುವುದು ಚಿಕ್ಕಪ್ಪನ ಹಣದ ಚೀಲ. ಕುಲಕ್ಕಿಂತ ವಾಣಿಜ್ಯವನ್ನು ಮೇಲಕ್ಕೆತ್ತುವ ಈ ಧೋರಣೆ ಕಾದಂಬರಿಯ ಉದ್ದಕ್ಕೂ ಇದೆ.

ಪಾತ್ರವಾಗಿ ಹ್ಯಾರಿ ನನಗೆ ಎಂದೂ ಹತ್ತಿರವಾಗಲಿಲ್ಲ. ಒಳಿತನ್ನು ಮಾಡುವಾಗ ಅವನಿಗೆ ಅಳುಕಿಲ್ಲ, ನಷ್ಟವೂ ಇಲ್ಲ. ಭಿಕ್ಷುಕರ ನಡುವಿನಿಂದ ಬಂದ ತುಂಟ ನೆಡ್ ಮತ್ತು ಅವನನ್ನು ಥಳಿಸುವ ಉಪಾಧ್ಯಾಯ ವಿಂಡೆಕ್ಸ್ ಬಂದೊಡನೆ ಪುಟಗಳಿಗೆ ಜೀವ ಬರುತ್ತದೆ. (ನಮ್ಮ ವೃತ್ತಿಯವರು ವಿಂಡೆಕ್ಸನ ಪ್ರಸಂಗವನ್ನು ಓದಿ ನಗುವುದು ಸ್ವಲ್ಪ ಕಷ್ಟ.)

ಈಗ ನನ್ನನ್ನು ತಡೆದು ನಿಲ್ಲಿಸುವವನು ಹ್ಯಾಮೆಲ್ ಕ್ಲೆಮೆಂಟ್. ತಂದೆ ಅವನಿಗೆ ಪಾಂಡಿತ್ಯವನ್ನು ಕೊಡಿಸಿದನೇ ಹೊರತು ಬದುಕುವ ಕಸುಬನ್ನು ಕಲಿಸಲಿಲ್ಲ. ಬರೆದು ಹೊಟ್ಟೆ ಹೊರೆಯಲು ಹೊರಟ ಕ್ಲೆಮೆಂಟ್ ಹೆಂಡತಿ ಅರಬೆಲ್ಲಾಳೊಡನೆ ಹಸಿವಿನ ಅಂಚಿಗೆ ಬಂದು ನಿಲ್ಲುತ್ತಾನೆ. ಕೊನೆಗೆ ಫೆಂಟನ್ನನ ಆಶ್ರಯ ದೊರೆತು ಹ್ಯಾರಿಯ ಗುರುವಾಗುತ್ತಾನೆ. ನನ್ನ ಹಳೆಯ ಟಿಪ್ಪಣಿಯಲ್ಲಿ ಇವನ ವೃತ್ತಾಂತದ ಎದುರು ‘ಅನವಶ್ಯಕ ಉಪಕಥೆ’ ಎಂದಿದೆ. ಆಗ ನನಗೆ ಸಂಬಳದ ಚಿಂತೆ ಇರಲಿಲ್ಲ. ಊರಿನಿಂದ ಅಪ್ಪ ತಿಂಗಳು ತಿಂಗಳು ಹಣ ಕಳಿಸುತ್ತಿದ್ದರು.

ಕಳೆದ ವರ್ಷ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಕನ್ನಡ ಎಂ.ಎ.ಗೆ ಸೇರೆಂದು ಅವನಿಗೆ ಒತ್ತಾಯಿಸಿದವನು ನಾನೇ. ಹಳಗನ್ನಡವನ್ನು ಸೊಗಸಾಗಿ ಬಿಡಿಸಿ ಓದುತ್ತಿದ್ದ ಹುಡುಗ ಈಗ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುತ್ತಾನೆ. ಮಾತಿನ ನಡುವೆ ಕ್ಲೆಮೆಂಟನ ಕಥೆಯನ್ನು ಹೇಳಿದೆ. ಗಮನವಿಟ್ಟು ಕೇಳಿ, “ಫೆಂಟನ್ ಸಿಗದೆ ಹೋಗಿದ್ದರೆ, ಸರ್?” ಎಂದ. ಬ್ರೂಕ್ ಅದನ್ನು ಬರೆದಿಲ್ಲ ಎಂದೆ. ಅವನು ಹೋದ ಮೇಲೆ ಟಿಪ್ಪಣಿ ಪುಸ್ತಕವನ್ನು ಹುಡುಕಿ ತೆಗೆದು ಆ ಎರಡು ಪದಗಳನ್ನು ಹೊಡೆದು ಹಾಕಿದೆ.