ಮಾಸ್ಕ್ ಫೈಲ್

ಹೊಸ ತಿಪ್ಪಸಂದ್ರದಲ್ಲಿ ಇರುವವರಿಗೆಲ್ಲ ಒಂದು ಫೋನ್ ಕರೆ ಮಾಮೂಲು. "ಮೇಡಂ, ಐದನೇ ಕ್ರಾಸಲ್ಲೇ ನಿಂತಿದೀನಿ, ನಿಮ್ಮ ಮನೆ ಕಾಣ್ತಿಲ್ಲ." ಐದನೇ ಕ್ರಾಸ್ ಇಂದಿರಾನಗರದಲ್ಲೂ ಇದೆ, ಜೀವನ್‌ ಬಿಮಾ ನಗರದಲ್ಲೂ ಇದೆ. ಹಾಗಾಗಿ ನಾನು ಕೇಳೋದು ಒಂದೇ: "ಪಕ್ಕದಲ್ಲಿ ಯಾವ ಅಂಗಡಿ ಇದೆ ಹೇಳಿ."

ಆಫೀಸಿನಲ್ಲಿ ನನ್ನ ಕೆಲಸವೂ ಹೆಚ್ಚುಕಡಿಮೆ ಇದೇ. ಬ್ಯಾಕ್ಟೀರಿಯಾಗಳ ಡಿಎನ್‌ಎಯನ್ನು ಯಂತ್ರ 150 ಅಕ್ಷರದ ಚೂರುಗಳಾಗಿ ಓದಿ ಕೊಡುತ್ತೆ. ಪ್ರತಿ ಚೂರು ಎಲ್ಲಿಯದು ಅಂತ ನಮ್ಮ ಸಾಫ್ಟ್‌ವೇರ್ ಹುಡುಕುತ್ತೆ. ಒಂದೇ ಚೂರು ಹತ್ತು ಕಡೆ ಕೂರೋ ಹಾಗಿದ್ದರೆ ಅದನ್ನು ನಂಬೋಕಾಗಲ್ಲ, ಬಿಟ್ಟುಬಿಡ್ತೀವಿ. ಹೀಗೆ ಬಿಡಬೇಕಾದ ಜಾಗಗಳ ಪಟ್ಟಿಗೆ ಮಾಸ್ಕ್ ಫೈಲ್ ಅಂತ ಹೆಸರು. ಕ್ಷಯದ ಬ್ಯಾಕ್ಟೀರಿಯಾದ ಪೂರ್ತಿ ಜೀನೋಮ್ 1998ರಲ್ಲೇ ಸಿಕ್ಕಿತು. 44 ಲಕ್ಷ ಅಕ್ಷರ, ಸುಮಾರು 4000 ಜೀನುಗಳು. ಅದರಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಹೇಳಿದ್ದನ್ನೇ ಹೇಳೋ ಪುನರಾವರ್ತನೆ. ಮೂರು ವರ್ಷ ಅದನ್ನು ಅಳಿಸುತ್ತಲೇ ನಾನು ಸಂಬಳ ತಗೊಂಡಿದ್ದೇನೆ.

ಆಮೇಲೆ ಕೆಮ್ಮು ಶುರುವಾಯ್ತು. ಮೂರು ವಾರ ಒಂದು ಕ್ಲಿನಿಕ್ಕಿನ ಸಿರಪ್ಪು. ಸಂಜೆಯಾದರೆ ಸಣ್ಣ ಜ್ವರ. ನಾಲ್ಕು ಕೆಜಿ ಇಳಿದಾಗ ಆಫೀಸಿನವರು ಯಾವ ಡಯೆಟ್ಟು ಅಂತ ಕೇಳಿದರು! ಕಫವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರು, ಏನೂ ಇಲ್ಲ. ಎರಡನೇ ಡಾಕ್ಟರು ಎಕ್ಸ್‌ರೇ ನೋಡಿ ಮುಖ ಸಣ್ಣ ಮಾಡಿಕೊಂಡು ಇನ್ನೊಂದು ಟೆಸ್ಟ್ ಬರೆದರು. ರಿಪೋರ್ಟು ಹೀಗಿತ್ತು: 'ಎಂಟಿಬಿ ಟ್ರೇಸ್ ಡಿಟೆಕ್ಟೆಡ್'.

ಟ್ರೇಸ್ ಅನ್ನೋ ಪದದ ಅರ್ಥ ನನಗೆ ಗೊತ್ತಿತ್ತು, ಅದೇ ಕಷ್ಟ. ಮೈಕ್ರೋಸ್ಕೋಪಿಗೆ ಕಾಣಬೇಕಾದರೆ ಒಂದು ಎಂಎಲ್ ಕಫದಲ್ಲಿ ಸಾವಿರಾರು ಬ್ಯಾಕ್ಟೀರಿಯಾ ಇರಬೇಕು. ಎಕ್ಸ್‌ಪರ್ಟ್ ಟೆಸ್ಟಿನ ಹಳೆಯ ಕಾರ್ಟ್ರಿಡ್ಜ್ ಹುಡುಕುತ್ತಿದ್ದದ್ದು ಆರ್‌ಪಿಒಬಿ ಅನ್ನೋ ಜೀನನ್ನು. ಅದು ಒಂದು ಬ್ಯಾಕ್ಟೀರಿಯಾದಲ್ಲಿ ಒಂದೇ ಇರುತ್ತೆ. 'ಅಲ್ಟ್ರಾ' ಅನ್ನೋ ಹೊಸದು ಅದರ ಜೊತೆಗೆ ಐಎಸ್6110 ಮತ್ತು ಐಎಸ್1081 ಅನ್ನೋ ಎರಡು ತುಣುಕುಗಳನ್ನೂ ಹುಡುಕುತ್ತೆ. ಇವು ಜೀನೋಮಿನಲ್ಲಿ ಅಲ್ಲಲ್ಲಿ ಹಾರಿ ಕೂತು ತಮ್ಮನ್ನೇ ನಕಲು ಮಾಡಿಕೊಂಡಿರೋ ಜಾತಿ. ಲ್ಯಾಬುಗಳ ಮಾದರಿ ತಳಿಯಲ್ಲಿ ಐಎಸ್6110 16 ಸಲ ಇದೆ. ಟ್ರೇಸ್ ಅಂದರೆ ಜೀನು ಸಿಗಲಿಲ್ಲ, ಪುನರಾವರ್ತನೆ ಮಾತ್ರ ಸಿಕ್ಕಿತು ಅಂತ. ನನ್ನ ಮಾಸ್ಕ್ ಫೈಲಿನಲ್ಲಿ ಐಎಸ್6110ದ ಎಲ್ಲಾ ಹದಿನಾರು ಜಾಗಗಳೂ ಇದ್ದವು.

ಎರಡು ತುಣುಕು ಯಾಕೆ ಬೇಕು ಅನ್ನೋದರಲ್ಲಿ ನಮ್ಮ ಕಡೆಯ ಕಥೆ ಇದೆ. 1990ರ ದಶಕದಲ್ಲಿ ಐಎಸ್6110 ಎಲ್ಲೆಲ್ಲಿ ಕೂತಿದೆ ನೋಡಿ ಬ್ಯಾಕ್ಟೀರಿಯಾದ ಬೆರಳಚ್ಚು ತೆಗೆಯೋ ಪದ್ಧತಿ ಜಗತ್ತಿಗೆಲ್ಲ ಬಂತು. ಮದ್ರಾಸಿನಲ್ಲಿ ಮಾಡಿ ನೋಡಿದರೆ ಬಹಳಷ್ಟು ರೋಗಿಗಳ ಬ್ಯಾಕ್ಟೀರಿಯಾದಲ್ಲಿ ಅದು ಒಂದೇ ಸಲ ಇತ್ತು, ಕೆಲವರಲ್ಲಿ ಅದೂ ಇರಲಿಲ್ಲ. ಒಂದೇ ಗೆರೆ ಇರೋ ಬೆರಳಚ್ಚು ಇಟ್ಟುಕೊಂಡು ಯಾರನ್ನು ಗುರುತಿಸೋದು? ದಕ್ಷಿಣ ಭಾರತದಲ್ಲಿ ಹೆಚ್ಚಾಗಿರೋ ವಂಶಕ್ಕೆ ಬೇರೆ ಗುರುತು ಬೇಕಾಯ್ತು. 1997ರಲ್ಲಿ ಡಚ್ಚರ ತಂಡವೊಂದು ಅದನ್ನು ಕೊಟ್ಟಿತು. ಜೀನೋಮಿನ ಒಂದು ಕಡೆ 36 ಅಕ್ಷರದ ಒಂದೇ ಸಾಲು ಮತ್ತೆ ಮತ್ತೆ ಬರುತ್ತೆ, ನಮ್ಮ ಕ್ರಾಸ್ ಬೋರ್ಡುಗಳ ಹಾಗೆ. ಎರಡು ಬೋರ್ಡಿನ ಮಧ್ಯೆ ಇರೋ ಅಂಗಡಿ ಮಾತ್ರ ಬೇರೆ ಬೇರೆ. ಅಂಥ 43 ಅಂಗಡಿಗಳಲ್ಲಿ ಯಾವುದು ಇದೆ, ಯಾವುದು ಮುಚ್ಚಿದೆ ಅಂತ ನೋಡಿದರೆ ವಂಶ ಗೊತ್ತಾಗುತ್ತೆ. ನಮ್ಮ ಕಡೆಯ ವಂಶದಲ್ಲಿ 29ರಿಂದ 32, ಮತ್ತೆ 34 ಮುಚ್ಚಿರುತ್ತವೆ. (ಈಗ ಕ್ರಿಸ್ಪರ್ ಅಂತ ಹೆಸರಾಗಿರೋದು ಇಂಥದೇ ಸಾಲುಗಳು.)

ಇಷ್ಟೆಲ್ಲ ಗೊತ್ತಿದ್ದವಳು ಮಾಡಿದ್ದೇನು? ಅಮ್ಮನಿಗೆ ಫೋನ್ ಮಾಡಿ ಅತ್ತೆ. ಅಮ್ಮನ ಸೋದರಮಾವ ಮೈಸೂರಿನ ಪಿಕೆಟಿಬಿ ಸ್ಯಾನಟೋರಿಯಂನಲ್ಲಿ ಇದ್ದರಂತೆ. ಅವರ ತಟ್ಟೆ ಲೋಟ ಹಿತ್ತಲಲ್ಲಿ ಬೇರೆ ಇಟ್ಟಿದ್ದರಂತೆ. "ಪುಟ್ಟಿ, ಯಾರಿಗೂ ಹೇಳ್ಬೇಡ" ಅಂದಳು ಅಮ್ಮ. ಆಫೀಸಿಗೆ 'ವೈರಲ್' ಅಂದೆ. ಬೆಳಿಗ್ಗೆ ಮೂರು ಮಾತ್ರೆ. ರಿಫಾಂಪಿಸಿನ್ ನುಂಗಿದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ. ಒಂದು ದಿನ ಸರಿಯಾಗಿ ಫ್ಲಷ್ ಆಗದೆ ರೂಮ್‌ಮೇಟ್ ಕೇಳೇಬಿಟ್ಟಳು. "ಬಿ ಕಾಂಪ್ಲೆಕ್ಸ್ ಕಣೇ" ಅಂದೆ. ಟಿಬಿ ಯೂನಿಟ್ಟಿನಿಂದ ಫೋನ್ ಬಂತು, "ಮನೇಲಿ ನಿಮ್ಮ ಜೊತೆ ಯಾರಿದಾರೆ ಮೇಡಂ?" ಯಾರೂ ಇಲ್ಲ ಅಂದೆ. ಅವಳು ಪಕ್ಕದ ಮಂಚದಲ್ಲೇ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಳು.

ರಾತ್ರಿ ನಿದ್ದೆ ಬರದೆ ಪೇಪರುಗಳನ್ನು ಓದೋಕೆ ಶುರುಮಾಡಿದೆ. ಬ್ಯಾಕ್ಟೀರಿಯಾದಲ್ಲಿ ಸಣ್ಣ ಆರ್‌ಎನ್‌ಎಗಳು ಅಂತ ಇವೆ. ಇವುಗಳಿಂದ ಪ್ರೋಟೀನು ಹುಟ್ಟಲ್ಲ. ಅಡುಗೆಮನೆಗೆ ಹೊರಟ ಆರ್ಡರಿನ ಮೇಲೆ 'ಈಗ ಬೇಡ' ಅಂತ ಚೀಟಿ ಅಂಟಿಸೋದೇ ಬಹಳಷ್ಟರ ಕೆಲಸ. ಇ.ಕೋಲಿಯಲ್ಲಿ ಕಬ್ಬಿಣದ ಕೊರತೆಯಾದಾಗ ಆರ್‌ವೈಎಚ್‌ಬಿ ಅನ್ನೋದು ಹುಟ್ಟಿಕೊಂಡು ಕಬ್ಬಿಣ ಖರ್ಚು ಮಾಡೋ ಪ್ರೋಟೀನುಗಳ ತಯಾರಿ ನಿಲ್ಲಿಸುತ್ತೆ. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಎಂಟಿಎಸ್2823 ಅಂತ ಒಂದಿದೆ. ಬೆಳವಣಿಗೆ ನಿಂತಾಗ, ಸೋಂಕಾದ ಇಲಿಗಳ ಶ್ವಾಸಕೋಶದಲ್ಲಿ ಇದ್ದಾಗ ಅದು ರಾಶಿ ರಾಶಿ ಸೇರುತ್ತೆ ಅಂತ 2011ರಲ್ಲಿ ಕಂಡುಕೊಂಡರು. ಇದರ ಸಾಧು ಸಂಬಂಧಿ ಸ್ಮೆಗ್ಮಾಟಿಸ್‌ನಲ್ಲಿ ಇಂಥದೇ ಆರ್‌ಎನ್‌ಎ ಜೀನುಗಳನ್ನು ಓದೋ ಯಂತ್ರವನ್ನೇ ಹಿಡಿದುಕೊಂಡು ಕೂರುತ್ತೆ. ಪ್ರೋಟೀನಿನ ಜೀನುಗಳನ್ನಷ್ಟೇ ಎಣಿಸೋ ನನ್ನ ಸಾಫ್ಟ್‌ವೇರಿಗೆ ಆ ಜಾಗ ಬರೀ ಖಾಲಿ. ಸದ್ದಿಲ್ಲದೆ ವರ್ಷಗಟ್ಟಲೆ ಮಲಗಿರಬಲ್ಲ ಜೀವದೊಳಗೆ ಇಷ್ಟೊಂದು ಓಡಾಟ! ಆ ಮಂಚದ ಕಡೆ ನೋಡಿದೆ. ಗಾಢ ನಿದ್ದೆಯಲ್ಲಿದ್ದಳು. ನಾನು ಕೆಮ್ಮಿದ ತಿಂಗಳಷ್ಟೂ ಹಾಗೇ ಮಲಗಿದ್ದಳು.

ಬೆಳಿಗ್ಗೆ ಹೇಳಿದೆ.

"ಎಷ್ಟು ದಿನದಿಂದ ಗೊತ್ತು?"

"ಹನ್ನೊಂದು ದಿನ."

ಅವಳು ಬೈಯಲಿಲ್ಲ. ಬ್ಯಾಗ್ ತುಂಬಿಕೊಂಡು ಕೆ.ಆರ್. ಪುರದ ಅಕ್ಕನ ಮನೆಗೆ ಹೋದಳು. ನಾನು ಯೂನಿಟ್ಟಿಗೆ ಫೋನ್ ಮಾಡಿ ಮೊದಲು ಹೇಳಿದ್ದು ಸುಳ್ಳು ಅಂದೆ. "ಆಗತ್ತೆ ಮೇಡಂ, ಎಲ್ಲಾರೂ ಹಿಂಗೇ" ಅಂದರು, ನಾನೇನೋ ವಿಳಾಸ ತಪ್ಪು ಹೇಳಿದ್ದೆ ಅನ್ನೋ ಹಾಗೆ. ನಾಲ್ಕನೇ ದಿನ ಅವಳು ವಾಪಸ್ ಬಂದಳು. ಎಕ್ಸ್‌ರೇ ಸ್ವಚ್ಛ, ರಕ್ತದ ಟೆಸ್ಟ್ ಪಾಸಿಟಿವ್. ಒಳಗೆ ಮಲಗಿದೆ. ಕಾಯಿಲೆ ಆಗದ ಹಾಗೆ ವಾರಕ್ಕೊಮ್ಮೆ ಮಾತ್ರೆ, ಹನ್ನೆರಡು ವಾರ.

ಮಾಸ್ಕ್ ಫೈಲ್ ಆಫೀಸಿನಲ್ಲಿ ಈಗಲೂ ಇದೆ. 150 ಅಕ್ಷರದ ಚೂರಿಟ್ಟುಕೊಂಡು ಅದಿಲ್ಲದೆ ಆಗಲ್ಲ. ಶನಿವಾರ ರಾತ್ರಿ ಅವಳು ಮೊದಲ ಡೋಸ್ ನುಂಗಿದಳು. ಭಾನುವಾರ ಬೆಳಿಗ್ಗೆ ಬಾತ್‌ರೂಮಿನಿಂದ ಕೂಗು ಬಂತು:

"ಲೇ, ಇದೇ ಏನೇ ನಿನ್ನ ಬಿ ಕಾಂಪ್ಲೆಕ್ಸು?"