ಲಾರಿಯ ಕಿಟಕಿಯಿಂದ ಕಂಡ ವಿಮಾನಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕುಗಳ ಸೀಮೆಯಲ್ಲಿ ಓಡಾಡಿದವರಿಗೆ ಲಾರಿ ಎಂಬುದು ಮನೆಯ ಎತ್ತಿನಷ್ಟೇ ಪರಿಚಿತ. ಬಹುಪಾಲು ಮಳೆಯನ್ನೇ ನಂಬಿದ ನೆಲವಿದು. ಈರುಳ್ಳಿ, ಮೆಕ್ಕೆಜೋಳ, ಶೇಂಗಾ ಬೆಳೆದವನು ಹೊಲದಲ್ಲೇ ಉಳಿಯುತ್ತಾನೆ. ಬೆಳೆದದ್ದು ಮಾತ್ರ ಲಾರಿಯೇರಿ ಊರು ಬಿಡುತ್ತದೆ. ಅದರೊಂದಿಗೆ ಊರು ಬಿಡುವವರು ಇಬ್ಬರು, ಚಾಲಕ ಮತ್ತು ಕ್ಲೀನರ್. ಎಂಟು ದಿನಗಳ ನಂತರ ಅವರು ಮರಳಿ ಬಂದಾಗ ಮನೆಯವರು ಕೇಳುವ ಪ್ರಶ್ನೆ ಬಾಡಿಗೆ ಎಷ್ಟು ಉಳಿಯಿತು ಎಂದು. ಮಾಲೀಕನು ಕೇಳುವುದು ಡೀಸೆಲ್ ಎಷ್ಟು ಕುಡಿಯಿತು ಎಂದು. ದಾರಿಯಲ್ಲಿ ಏನೇನು ಕಂಡೆ ಎಂದು ಅವರನ್ನು ಕೇಳಿದವರನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಈ ಸೀಮೆಯಲ್ಲಿ ಸೇವೆಯಲ್ಲಿದ್ದ ವರ್ಷಗಳಲ್ಲಿ ಪರಿಚಯವಾದ ಒಬ್ಬ ಚಾಲಕರು ನನಗೆ ಈ ವಿಷಯದಲ್ಲಿ ಗುರುವಾದರು. ಹೆಸರು ಬೇಡ, ಅವರು ಸಂಕೋಚದ ಮನುಷ್ಯ. ಓದಿದ್ದು ಏಳನೆಯ ತರಗತಿ. ಅವರ ಮೊಬೈಲಿನಲ್ಲಿ ಮೊಮ್ಮಗಳ ಚಿತ್ರಗಳಿಗಿಂತ ಹೆಚ್ಚಾಗಿ ಇರುವುದು ಹಳೆಯ ವಿಮಾನಗಳ ಚಿತ್ರಗಳು. ಅದರಲ್ಲೂ ವಿಮಾನದ ಪೂರ್ಣ ಚಿತ್ರ ಕಡಿಮೆ. ಗಾಲಿಗಳು, ಗಾಲಿಯ ಕಾಲುಗಳು, ರೆಕ್ಕೆಯ ಅಡಿಯಲ್ಲಿ ಸಾಲಾಗಿ ಹೊಡೆದ ರಿವೆಟ್ಟುಗಳು. "ಎಲ್ಲಾರೂ ಮೂತಿ ನೋಡ್ತಾರ್ರೀ ಫಾದರ್, ನಾ ಕಾಲು ನೋಡ್ತೀನಿ. ಭಾರ ಹೊರೋದು ಅದಾ ಅಲ್ರೀ?" ಎನ್ನುತ್ತಾರೆ. ಹತ್ತು ಗಾಲಿಯ ಲಾರಿಯನ್ನು ಇಪ್ಪತ್ತು ವರ್ಷ ಓಡಿಸಿದವರ ಕಣ್ಣು ಅದು.

ಈ ಹವ್ಯಾಸ ಹುಟ್ಟಿದ್ದು ಕಷ್ಟದ ಕಾಲದಲ್ಲಿ. ಅದಿರಿನ ಭರಾಟೆಯ ದಿನಗಳಲ್ಲಿ ಅವರು ಸಾಲ ಮಾಡಿ ಸ್ವಂತ ಲಾರಿ ಕೊಂಡಿದ್ದರು. 2011ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ನಿಲ್ಲಿಸಬೇಕಾದದ್ದೇ ಆಗಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಸಂಡೂರಿನ ಬೆಟ್ಟಗಳ ಗತಿಯನ್ನು ಕಂಡವರು ಬೇರೆ ಮಾತು ಆಡಲಾರರು. ಆದರೆ ಬೆಟ್ಟವನ್ನು ಅಗೆದು ಮಾರಿದವರೂ, ಕಂತು ಕಟ್ಟಿ ಲಾರಿ ಓಡಿಸಿದವರೂ ಒಂದೇ ತಕ್ಕಡಿಯಲ್ಲಿ ತೂಗುವವರಲ್ಲ. ರಸ್ತೆಯ ಬದಿಯಲ್ಲಿ ಸಾಲಾಗಿ ನಿಂತ ಲಾರಿಗಳ ಗಾಲಿಗಳ ನಡುವೆ ಹುಲ್ಲು ಬೆಳೆಯಿತು. ಕೆಲವು ತಿಂಗಳುಗಳಲ್ಲಿ ಸಾಲ ಕೊಟ್ಟವರು ಬಂದು ಇವರ ಲಾರಿಯನ್ನೂ ಕೊಂಡೊಯ್ದರು. ಮಾಲೀಕನಾಗಿದ್ದವರು ಕೂಲಿ ಚಾಲಕರಾಗಿ, ಇನ್ನೊಬ್ಬರ ಲಾರಿಯಲ್ಲಿ ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ ಈರುಳ್ಳಿ ಒಯ್ಯತೊಡಗಿದರು.

ಈರುಳ್ಳಿ ಲಾರಿಗಳು ನಗರವನ್ನು ಪ್ರವೇಶಿಸುವುದು ರಾತ್ರಿ. ಮುಂಜಾನೆ ಮಾಲು ಇಳಿಯುತ್ತದೆ. ಹಗಲಿನಲ್ಲಿ ನಗರದೊಳಗೆ ಭಾರಿ ವಾಹನಗಳಿಗೆ ನಿರ್ಬಂಧವಿರುವುದರಿಂದ ಚಾಲಕನು ಮತ್ತೆ ಕತ್ತಲಾಗುವ ತನಕ ಕಾಯಬೇಕು. ಕೆಲವರು ಲಾರಿಯ ಕೆಳಗೆ ಮಲಗುತ್ತಾರೆ, ಕೆಲವರು ಇಸ್ಪೀಟು ಆಡುತ್ತಾರೆ, ಕೆಲವರು ಕುಡಿಯುತ್ತಾರೆ. ಇವರೂ ಕುಡಿಯಲು ಆರಂಭಿಸಿದ್ದರಂತೆ. ಒಂದು ದಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯ ಬಳಿ ಯಾರೋ ಸಂಬಂಧಿಕರನ್ನು ಕಾಣಲು ಎರಡು ಬಸ್ಸು ಬದಲಿಸಿ ಹೊರಟವರು, ಎಚ್.ಎ.ಎಲ್. ಸಂಸ್ಥೆಯ ವಿಮಾನ ಸಂಗ್ರಹಾಲಯದ ಮುಂದೆ ಇಳಿದುಬಿಟ್ಟರು. 2001ರಲ್ಲಿ ಆರಂಭವಾದ ಆ ಸಂಗ್ರಹಾಲಯದಲ್ಲಿ ನಮ್ಮ ದೇಶದಲ್ಲೇ ತಯಾರಾದ ವಿಮಾನಗಳನ್ನು ಬಯಲಿನಲ್ಲಿ, ಕೈಗೆಟುಕುವಷ್ಟು ಹತ್ತಿರದಲ್ಲಿ ನಿಲ್ಲಿಸಿದ್ದಾರೆ. ಸಂಬಂಧಿಕರ ಮನೆಗೆ ಅವರು ಅಂದು ಹೋಗಲೇ ಇಲ್ಲ.

ಮುಂದೆ ಬಾಡಿಗೆ ಸಿಕ್ಕಾಗಲೆಲ್ಲ ಅಲ್ಲಿಗೆ ಹೋಗಿ, ಊರಿಗೆ ಬಂದಾಗ ಗುರುಮನೆಯ ಜಗಲಿಯಲ್ಲಿ ಕುಳಿತು ನನ್ನನ್ನು ಪ್ರಶ್ನಿಸುವುದು ರೂಢಿಯಾಯಿತು. ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಕಲಿತ ನನಗೆ ವಿಮಾನಗಳ ವಿಷಯ ಯಾರು ಕಲಿಸಿದ್ದರು? ಅವರಿಗಾಗಿ ನಾನೂ ಓದಬೇಕಾಯಿತು.

ಅವರ ಮೆಚ್ಚಿನ ವಿಮಾನ 'ಮಾರುತ'. ಎಚ್.ಎಫ್. 24 ಎಂಬುದು ಅದರ ಇನ್ನೊಂದು ಹೆಸರು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಕಾರದೊಂದಿಗೆ 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕಾರ್ಖಾನೆಯು ಇಪ್ಪತ್ತೇ ವರ್ಷಗಳಲ್ಲಿ ಇಂತಹ ಯುದ್ಧವಿಮಾನವನ್ನು ರೂಪಿಸಿತು. ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ತಜ್ಞರು 1956ರಲ್ಲಿ ಇಲ್ಲಿಗೆ ಬಂದು ನಮ್ಮ ಎಂಜಿನಿಯರುಗಳೊಂದಿಗೆ ದುಡಿದರು. ಮೊದಲು ಮರದಲ್ಲಿ, ಅದೇ ಅಳತೆಯಲ್ಲಿ, ಎಂಜಿನ್ನೇ ಇಲ್ಲದ ಒಂದು ಮಾದರಿಯನ್ನು ಮಾಡಿ 1959ರಲ್ಲಿ ಡಕೋಟಾ ವಿಮಾನಕ್ಕೆ ಕಟ್ಟಿ ಆಕಾಶಕ್ಕೆ ಎಳೆದೊಯ್ದು ಬಿಟ್ಟರು. ಇದನ್ನು ಹೇಳಿದಾಗ ಅವರು ತೊಡೆ ತಟ್ಟಿ ನಕ್ಕರು. ಘಾಟಿಯಲ್ಲಿ ಕೆಟ್ಟು ನಿಂತ ಲಾರಿಯನ್ನು ಇನ್ನೊಂದು ಲಾರಿಗೆ ಕಟ್ಟಿ ಎಳೆಸುವ ಕಷ್ಟ ಅವರಿಗೆ ಗೊತ್ತು. ಆಕಾಶದಲ್ಲೂ ಹಾಗೆ ಮಾಡುತ್ತಾರೆಂದು ಯಾರು ಎಣಿಸಿದ್ದರು!

1961ರ ಜೂನ್ 17ರಂದು ನಿಜವಾದ ಮಾರುತ ಹಾರಿತು. ಒಟ್ಟು 147 ವಿಮಾನಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅವು ಸೇವೆ ಸಲ್ಲಿಸಿದವು. ಆದರೆ ಆ ದೇಹಕ್ಕೆ ತಕ್ಕ ಶಕ್ತಿಯ ಎಂಜಿನ್ ಕೊನೆಯವರೆಗೂ ದೊರೆಯಲಿಲ್ಲ. ಶಬ್ದದ ವೇಗವನ್ನು ಬಹುದೂರ ಮೀರಿ ಹಾರಬೇಕೆಂದು ರೂಪಿಸಿದ ವಿಮಾನವು ಆ ವೇಗವನ್ನು ಕಾಣದೆಯೇ ನಿವೃತ್ತವಾಯಿತು. ಅವರು ಬಹಳ ಹೊತ್ತು ಸುಮ್ಮನಿದ್ದರು. "ಬಾಡಿ ಬೇಷ್ ಐತಿ, ಎಂಜಿನ್ ಸಾಲ್ದು. ಅದರ ತಪ್ಪೇನೈತ್ರಿ?" ಎಂದರು. ಅವರು ಮಾತನಾಡುತ್ತಿದ್ದುದು ವಿಮಾನದ ಕುರಿತು ಮಾತ್ರವೇ ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಆ ಮೊದಲ ಹಾರಾಟವನ್ನು ನಡೆಸಿದವರು ಸುರಂಜನ್ ದಾಸ್. ಬೆಂಗಳೂರಿನಲ್ಲಿ ಎಚ್.ಎ.ಎಲ್. ಸಮೀಪ ಸುರಂಜನ್‌ದಾಸ್ ರಸ್ತೆ ಇದೆ. ರಾತ್ರಿಯ ವೇಳೆ ಸಿಮೆಂಟು ಇಳಿಸಲು ನಮ್ಮ ಚಾಲಕರು ಹಲವು ಬಾರಿ ಅದರಲ್ಲಿ ಹಾದುಹೋಗಿದ್ದರು. ಯಾರೋ ರಾಜಕಾರಣಿಯ ಹೆಸರಿರಬೇಕೆಂದು ಅವರ ಎಣಿಕೆ. 1970ರ ಜನವರಿಯಲ್ಲಿ ಮಾರುತದ ಸುಧಾರಿತ ಮಾದರಿಯೊಂದನ್ನು ಪರೀಕ್ಷಿಸುವಾಗ ಅಪಘಾತವಾಗಿ ಆ ಪೈಲಟ್ ಮರಣ ಹೊಂದಿದರೆಂದು ತಿಳಿಸಿದೆ. ಆ ಮೇಲೆ ಆ ರಸ್ತೆಗೆ ತಿರುಗುವಾಗ ಒಮ್ಮೆ ಸ್ಟೇರಿಂಗ್ ಮುಟ್ಟಿ ಕೈಯನ್ನು ಹಣೆಗೆ ಒತ್ತಿಕೊಳ್ಳುತ್ತೇನೆ ಎಂದರು. ಚಾಲಕನೊಬ್ಬನು ಇನ್ನೊಬ್ಬ ಚಾಲಕನಿಗೆ ಸಲ್ಲಿಸುವ ಗೌರವ ಅದು. ಅಂತಹ ಗೌರವವನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ಬಳ್ಳಾರಿಗೂ ವಿಮಾನಗಳ ಇತಿಹಾಸದಲ್ಲಿ ಸ್ಥಾನವಿದೆ ಎಂದು ಓದುಗರಲ್ಲಿ ಎಷ್ಟು ಜನರಿಗೆ ಗೊತ್ತು? 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಎಂಬ ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಅಂಚೆ ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಎಂಬುವರು ಆ ಅಂಚೆಯನ್ನು ಬಳ್ಳಾರಿಯ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. (2021ರಿಂದ ಇವು ವಿಜಯನಗರ ಜಿಲ್ಲೆಯಲ್ಲಿವೆ.) ಅಹಮದಾಬಾದಿನಲ್ಲಿ ಆ ವಿಮಾನಕ್ಕೆ ಬೇಕಾದ ಪೆಟ್ರೋಲು ಡಬ್ಬಿಗಳಲ್ಲಿ ಬಂದದ್ದು ಎತ್ತಿನ ಗಾಡಿಯ ಮೇಲೆ. ನಮ್ಮ ಚಾಲಕರಿಗೆ ಟಾಟಾ ಅವರಿಗಿಂತ ಆ ಗಾಡಿ ಹೊಡೆದವನ ಬಗ್ಗೆ ಕುತೂಹಲ ಹೆಚ್ಚು. "ಅವ ವಿಮಾನ ಏರೋದು ನಿಂತು ನೋಡಿದ್ನೋ, ಗಾಡಿ ಹೊಡ್ಕೊಂಡು ಹೋಗೇಬಿಟ್ನೋ?" ಎಂದು ಕೇಳಿದರು. ಇತಿಹಾಸದ ಪುಸ್ತಕಗಳಿಗೆ ಇಂತಹ ಪ್ರಶ್ನೆ ಹೊಳೆಯುವುದಿಲ್ಲ. ನಿಂತು ನೋಡಿಯೇ ಹೋಗಿರಬೇಕು ಎಂದು ನನ್ನ ನಂಬಿಕೆ.

ಇತ್ತೀಚೆಗೆ ಅವರ ಮನಸ್ಸು ಕಾರವಾರದ ಕಡೆ ತಿರುಗಿದೆ. ಅಲ್ಲಿನ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ಚಾಪೆಲ್ ಯುದ್ಧನೌಕೆಯ ಸಂಗ್ರಹಾಲಯದ ಬಳಿಯಲ್ಲಿ, ನೌಕಾಪಡೆಯ ಟುಪೊಲೆವ್ 142 ವಿಮಾನವನ್ನು ನಿಲ್ಲಿಸಿದ್ದಾರೆ. ರಷ್ಯಾದಲ್ಲಿ ತಯಾರಾದ ಇಂತಹ ಎಂಟು ವಿಮಾನಗಳು 1988ರಿಂದ ನಮ್ಮ ಸಮುದ್ರವನ್ನು ಕಾದವು. 2017ರ ಮಾರ್ಚ್ 29ರಂದು ತಮಿಳುನಾಡಿನ ಅರಕ್ಕೋಣಂನಲ್ಲಿ ನಿವೃತ್ತಿ ಪಡೆದವು. ಸುಮಾರು 50 ಮೀಟರ್ ಅಗಲದ ರೆಕ್ಕೆ, ನಾಲ್ಕು ಎಂಜಿನ್, ಪ್ರತಿ ಎಂಜಿನ್ನಿಗೆ ಒಂದಕ್ಕೊಂದು ವಿರುದ್ಧವಾಗಿ ತಿರುಗುವ ಎರಡೆರಡು ಪಂಖಗಳು. ಇಷ್ಟು ದೊಡ್ಡ ವಿಮಾನವು ಅರಕ್ಕೋಣಂನಿಂದ ಕಾರವಾರಕ್ಕೆ ಹಾರಿ ಬರಲಿಲ್ಲ. ಬಿಡಿಬಿಡಿಯಾಗಿ ಕಳಚಿ ಲಾರಿಗಳ ಮೇಲೆ ತರಲಾಯಿತು. ಈ ಸಂಗತಿ ಅವರಿಗೆ ಕೊಟ್ಟ ಹೆಮ್ಮೆಯನ್ನು ವರ್ಣಿಸಲಾರೆ. "ಕಡೀಕ ಅದನ್ನ ಮನಿ ಮುಟ್ಸಿದ್ದು ನಾವಾ ಫಾದರ್" ಎನ್ನುತ್ತಾರೆ, ಆ ಲಾರಿಗಳನ್ನು ತಾವೇ ಓಡಿಸಿದವರಂತೆ. ಹೆದ್ದಾರಿಯಿಂದಲೇ ಅದು ಕಾಣುತ್ತದೆ. ಆದರೆ ಮಾಲು ತಲುಪಿಸುವ ಅವಸರದಲ್ಲಿ ಇಳಿದು ನೋಡಲು ಆಗಿಲ್ಲ.

ಈಗ ಅವರ ಎಡಗಣ್ಣಿಗೆ ಪೊರೆ ಬಂದಿದೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರೆಗೆ ಲಾರಿ ಮುಟ್ಟಬೇಡಿರೆಂದು ವೈದ್ಯರು ಹೇಳಿದ್ದಾರೆ. ಕಾರವಾರದ ಒಂದು ಬಾಡಿಗೆ ಬಂದಿದೆ, ಅದೊಂದನ್ನು ಮುಗಿಸಿಕೊಂಡು ಆಸ್ಪತ್ರೆಗೆ ಹೋಗುತ್ತೇನೆಂದು ಅವರ ಹಟ. ಹೆಂಡತಿ ಲಾರಿಯ ಕೀಲಿಯನ್ನು ಜೋಳದ ಗುಡಾಣದಲ್ಲಿ ಬಚ್ಚಿಟ್ಟು ನನ್ನ ಬಳಿಗೆ ಬಂದರು. ನಾನು ಆ ತಾಯಿಯ ಪಕ್ಷ. ರಸ್ತೆಯಲ್ಲಿ ಬರುವ ಪರರ ಮಕ್ಕಳೂ ಇದ್ದಾರಲ್ಲವೇ ಎಂದು ಅವರಿಗೆ ನೇರವಾಗಿಯೇ ಹೇಳಿದೆ. ಮುಖ ಬಾಡಿತು. ಬಾಡಿಗೆ ಬೇರೆಯವರಿಗೆ ಹೋಗಲಿ, ಕಣ್ಣಿನ ಕಟ್ಟು ಬಿಚ್ಚಿದ ಮೇಲೆ ಇಬ್ಬರೂ ಬಸ್ಸಿನಲ್ಲಿ ಕಾರವಾರಕ್ಕೆ ಹೋಗಿ ಬರೋಣ ಎಂದೆ.

ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಅಂಕೋಲಾ ಕಡೆಯಿಂದ ಹೋದರೆ ಸಮುದ್ರ ಎಡಕ್ಕೆ ಬರುತ್ತದೆ, ಹಾಗಾಗಿ ಎಡಬದಿಯ ಕಿಟಕಿಯ ಸೀಟನ್ನೇ ಹಿಡಿಯಬೇಕು ಎಂದರು. "ಇಷ್ಟು ವರ್ಷ ಕ್ಲೀನರ್ ಹುಡುಗನಿಗಾ ಚೆಂದ ಕಾಣ್ತಿತ್ತು ನೋಡ್ರಿ" ಎಂದು ಎದ್ದು, ಕೀಲಿ ಎಲ್ಲಿಟ್ಟಿದ್ದಾಳೆಂದು ತಮಗೆ ಮೊದಲೇ ಗೊತ್ತಿತ್ತೆಂದೂ ಸೇರಿಸಿದರು.